ಸೇನಾ ರ್ಯಾಲಿಯ ಫಿಸಿಕಲ್ ಪಾಸಾಗಲು 16 ವಾರಗಳ ತಯಾರಿ: ಓಟ, ಬೀಮ್, ಊಟ, ವಿಶ್ರಾಂತಿ

ಸೇನೆಯ ಅಗ್ನಿವೀರ್ ನೇಮಕಾತಿ ರ್ಯಾಲಿಗೆ ಹೋಗಿ ಬರಿಗೈಲಿ ವಾಪಸಾದ ಹುಡುಗರನ್ನು ಎಲ್ಲಿ ಕೈಕೊಟ್ಟಿತು ಎಂದು ಕೇಳಿ ನೋಡಿ. ಉತ್ತರ ಹೆಚ್ಚುಕಡಿಮೆ ಮೂರೇ: ಓಟದ ಮೂರನೇ ಸುತ್ತು, ಬೀಮಿನ (ಪುಲ್‌ಅಪ್ ಎಳೆಯುವ ಅಡ್ಡ ಕಂಬಿಯ) ಏಳನೇ ಎಳೆತ, ಇಲ್ಲವೇ ಮೆಡಿಕಲ್. ಇವರಲ್ಲಿ ಸೋಮಾರಿಗಳು ಕಡಿಮೆ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಗ್ರೌಂಡಿಗೆ ಬಂದವರೇ ಹೆಚ್ಚು. ತೊಂದರೆ ಇರುವುದು ಅವರು ಬಂದು ಮಾಡುವ ಕೆಲಸದಲ್ಲಿ. ದಿನಾ ಸ್ಟಾಪ್‌ವಾಚ್ ಒತ್ತಿ 1.6 ಕಿ.ಮೀ.ಯನ್ನು ಜೀವ ಬಿಟ್ಟು ಓಡುತ್ತಾರೆ, ದಿನಾ ಬೀಮಿಗೆ ಜೋತುಬಿದ್ದು ಕೈಸೋಲುವವರೆಗೆ ಎಳೆಯುತ್ತಾರೆ. ದಿನಾ ಪರೀಕ್ಷೆ ಬರೆಯುವವನಿಗೆ ಓದಲು ಹೊತ್ತೆಲ್ಲಿ? ಮೊದಲ ಮೂರು ವಾರ ಟೈಮಿಂಗ್ ಇಳಿಯುತ್ತದೆ, ಆಮೇಲೆ ನಿಂತುಹೋಗುತ್ತದೆ, ಆರನೇ ವಾರಕ್ಕೆ ಮೊಣಕಾಲ ಕೆಳಗಿನ ಎಲುಬು ನೋಯತೊಡಗುತ್ತದೆ.

ಈ ಮಾರ್ಗದರ್ಶಿ ಮುಖ್ಯವಾಗಿ ಕ್ರಮದ ಬಗ್ಗೆ. ಯಾವುದು ಮೊದಲು, ಯಾವುದು ಆಮೇಲೆ, ಯಾವಾಗ ನಿಲ್ಲಿಸಬೇಕು ಎಂಬುದಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

## ಗುರಿ ಏನು, ಅಂಕಿಗಳಲ್ಲಿ

1.6 ಕಿ.ಮೀ. ಓಟವನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ 60 ಅಂಕ. ಬೀಮಿನಲ್ಲಿ 10 ಪುಲ್‌ಅಪ್‌ಗೆ 40 ಅಂಕ. 9 ಅಡಿ ಹಳ್ಳ ಹಾರುವುದು ಮತ್ತು ಜಿಗ್‌ಜಾಗ್ ಬ್ಯಾಲೆನ್ಸ್‌ಗೆ (ಅಂಕುಡೊಂಕು ತೊಲೆಯ ಮೇಲೆ ನಡೆಯುವುದು) ಅಂಕವಿಲ್ಲ, ಆದರೆ ಪಾಸಾಗಲೇಬೇಕು. 5:30 ದಾಟಿದರೆ ಅಂಕ ಮೆಟ್ಟಿಲುಮೆಟ್ಟಿಲಾಗಿ ಇಳಿಯುತ್ತದೆ. 5:31ರಿಂದ 5:45ರ ಗುಂಪಿಗೆ 48 ಅಂಕ. ಅದರ ಕೆಳಗಿನ ಗುಂಪುಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ನಿಮ್ಮ ಸಾಲಿನ ಅಧಿಸೂಚನೆಯನ್ನೇ ನೋಡಿ. ಒಂದು ಸೆಕೆಂಡಿಗೆ 12 ಅಂಕ ಹೋಗುವ ಲೆಕ್ಕವಿದು, ಹಾಗಾಗಿ 5:30ಕ್ಕೆ ತಯಾರಾಗಬೇಡಿ, 5:20ಕ್ಕೆ ತಯಾರಾಗಿ.

ಮಹಿಳಾ ಮಿಲಿಟರಿ ಪೊಲೀಸ್ ಹುದ್ದೆಗೆ ಅದೇ ದೂರಕ್ಕೆ ಮೊದಲ ಗುಂಪಿನ ಮಿತಿ 7 ನಿಮಿಷ 30 ಸೆಕೆಂಡು. ಜೊತೆಗೆ 10 ಅಡಿ ಉದ್ದ ಜಿಗಿತ, 3 ಅಡಿ ಎತ್ತರ ಜಿಗಿತ. ಕೆಳಗಿನ ಓಟದ ಹಂತಗಳು ಇಬ್ಬರಿಗೂ ಒಂದೇ, ಸೆಕೆಂಡುಗಳು ಮಾತ್ರ ಬೇರೆ.

## ಬೇಕಾದ ಸಾಮಾನು

ದೊಡ್ಡ ಪಟ್ಟಿಯೇನಿಲ್ಲ. ಹಿಮ್ಮಡಿ ಸವೆದಿರದ ಒಂದು ಜೊತೆ ರನ್ನಿಂಗ್ ಶೂ, ಮೊಬೈಲಿನದೇ ಸ್ಟಾಪ್‌ವಾಚ್, ಒಂದು ನೋಟ್‌ಬುಕ್, 30 ಮೀಟರ್ ಟೇಪು, ಕೈ ಚಾಚಿದರೂ ಕಾಲು ನೆಲಕ್ಕೆ ತಾಗದಷ್ಟು ಎತ್ತರದ ಕಬ್ಬಿಣದ ಪೈಪು.

ಟೇಪು ಯಾಕೆಂದರೆ ತಾಲ್ಲೂಕು ಮೈದಾನಗಳಲ್ಲಿ '400 ಮೀಟರ್' ಎಂದು ಎಲ್ಲರೂ ನಂಬಿಕೊಂಡಿರುವ ಸುತ್ತು ಎಷ್ಟೋ ಕಡೆ 400 ಇರುವುದಿಲ್ಲ. 370 ಮೀಟರ್ ಸುತ್ತಿನಲ್ಲಿ ನಾಲ್ಕು ತಿಂಗಳು 5:20 ಓಡಿ ಖುಷಿಪಟ್ಟವನಿಗೆ ರ್ಯಾಲಿಯ ಗ್ರೌಂಡಿನಲ್ಲಿ ಆಘಾತ ಕಾದಿರುತ್ತದೆ. ಮೊಬೈಲಿನ ಜಿಪಿಎಸ್ ಸಣ್ಣ ಸುತ್ತುಗಳಲ್ಲಿ ತಪ್ಪು ತೋರಿಸುತ್ತದೆ, ಅದನ್ನು ನಂಬಬೇಡಿ. ಒಮ್ಮೆ ಕೂತು ಅಳೆದು ಸುಣ್ಣದ ಗುರುತು ಹಾಕಿ.

ಓಡಲು ಮಣ್ಣಿನ ನೆಲ ಉತ್ತಮ. ಡಾಂಬರು ರಸ್ತೆ ಅನಿವಾರ್ಯವಾದರೆ ವಾರಕ್ಕೆ ಒಂದೆರಡು ನಿಧಾನ ಓಟಕ್ಕೆ ಮಾತ್ರ. ಇಳಿಜಾರಾದ ರಸ್ತೆಯಂಚಿನಲ್ಲಿ ಯಾವಾಗಲೂ ಒಂದೇ ಬದಿಗೆ ಓಡುವುದು ಮೊಣಕಾಲಿಗೆ ಒಳ್ಳೆಯದಲ್ಲ.

## ಹಂತ 1: ಓಡುವ ಮೊದಲು ಡಾಕ್ಟರ ಬಳಿಗೆ

ಎಲ್ಲರೂ ಕೊನೆಗೆ ಮಾಡುವ ಕೆಲಸವಿದು. ಇದನ್ನು ಮೊದಲನೇ ವಾರದಲ್ಲೇ ಮುಗಿಸಿ. ತಾಲ್ಲೂಕು ಆಸ್ಪತ್ರೆ ಸಾಕು, ಆದರೆ ಏನು ನೋಡಿಸಬೇಕೆಂದು ನೀವೇ ಹೇಳಬೇಕು: ಕಣ್ಣಿನ ದೃಷ್ಟಿ ಮತ್ತು ಬಣ್ಣ ಗುರುತಿಸುವ ಶಕ್ತಿ, ಕಿವಿಯ ಗುಗ್ಗೆ ಮತ್ತು ತಮಟೆ, ಹಲ್ಲು, ಚಪ್ಪಟೆ ಪಾದ, ನಿಂತಾಗ ಮಂಡಿಗಳು ಒಂದಕ್ಕೊಂದು ತಾಗುವ ದೋಷ, ಕಾಲಿನ ಉಬ್ಬಿದ ರಕ್ತನಾಳ, ಹರ್ನಿಯಾ, ವೃಷಣದ ಸುತ್ತ ನೀರು ತುಂಬುವುದು, ರಕ್ತದೊತ್ತಡ, ಹಿಮೋಗ್ಲೋಬಿನ್.

ಇವುಗಳಲ್ಲಿ ಕಿವಿಯ ಗುಗ್ಗೆ, ಹುಳುಕು ಹಲ್ಲು, ರಕ್ತಹೀನತೆ ಕೆಲವು ವಾರಗಳಲ್ಲಿ ಸರಿಹೋಗುತ್ತವೆ. ಹರ್ನಿಯಾದಂಥದ್ದಕ್ಕೆ ಶಸ್ತ್ರಚಿಕಿತ್ಸೆ ಬೇಕು, ಚೇತರಿಕೆಗೆ ತಿಂಗಳುಗಳು ಹಿಡಿಯುತ್ತವೆ. ಬಣ್ಣಗುರುಡಿನಂಥ ಕೆಲವು ಸರಿಹೋಗುವುದೇ ಇಲ್ಲ. ಅದು ಮೊದಲೇ ಗೊತ್ತಾದರೆ ಬೇರೆ ದಾರಿ ಹುಡುಕಲು ವರ್ಷ ಉಳಿಯುತ್ತದೆ.

ಎತ್ತರ, ಎದೆಯಳತೆಯನ್ನೂ ಅಂದೇ ಬರೆದಿಡಿ. ಕರ್ನಾಟಕದವರಿಗೆ ಜನರಲ್ ಡ್ಯೂಟಿ ಹುದ್ದೆಗೆ ಎತ್ತರ 166 ಸೆಂ.ಮೀ., ಎದೆ 77 ಸೆಂ.ಮೀ. ಮತ್ತು ಉಸಿರು ತುಂಬಿದಾಗ 5 ಸೆಂ.ಮೀ. ಹಿಗ್ಗಬೇಕು. ಹಿಗ್ಗುವುದಕ್ಕೆ ಅಭ್ಯಾಸ ಬೇಕಾಗುತ್ತದೆ. ಭುಜ ಮೇಲೆತ್ತದೆ, ಪಕ್ಕೆಲುಬು ಬದಿಗೆ ಅರಳುವಂತೆ ಉಸಿರು ಎಳೆದು ಹಿಡಿಯುವುದನ್ನು ಕನ್ನಡಿ ಮುಂದೆ ದಿನಕ್ಕೆ ಹತ್ತು ಸಲ ಮಾಡಿ. ಇನ್ನು ಹಚ್ಚೆ: ಜಾತ್ರೆಯಲ್ಲಿ ಹಾಕಿಸಿಕೊಂಡ ಹಚ್ಚೆ ಎಲ್ಲಿದೆ ಎಂಬುದರ ಮೇಲೆ ಭವಿಷ್ಯ ನಿಲ್ಲಬಹುದು. ಮುಂಗೈ ಒಳಭಾಗ, ಅಂಗೈ ಹಿಂಬದಿ ಬಿಟ್ಟು ಬೇರೆ ಕಡೆ ಇದ್ದರೆ ನಿಯಮವನ್ನು ಈಗಲೇ ಓದಿ. ಹೊಸದಂತೂ ಬೇಡವೇ ಬೇಡ.

## ಹಂತ 2: ಒಂದೇ ಒಂದು ಆರಂಭಿಕ ಅಳತೆ

15 ನಿಮಿಷ ಮೈ ಬಿಸಿ ಮಾಡಿಕೊಂಡು 1.6 ಕಿ.ಮೀ. ಒಮ್ಮೆ ಪೂರ್ತಿ ಓಡಿ. ಒಟ್ಟು ಸಮಯದ ಜೊತೆ ಪ್ರತಿ ಸುತ್ತಿನ ಸಮಯವನ್ನೂ ಗೆಳೆಯನಿಂದ ಬರೆಸಿ. ಮರುದಿನ ಬೀಮ್: ಕೈ ಪೂರ್ತಿ ಚಾಚಿ, ಗದ್ದ ಬೀಮಿನ ಮೇಲೆ ಬರುವಂತೆ ಎಷ್ಟು ಆಗುತ್ತದೆಯೋ ಅಷ್ಟು. ಮೂರನೆಯದು, ಬೆಳಗ್ಗೆ ಹಾಸಿಗೆಯಿಂದ ಏಳುವ ಮೊದಲು ಒಂದು ನಿಮಿಷದ ನಾಡಿಬಡಿತ.

ನಾಡಿಬಡಿತವನ್ನು ದಿನಾ ಬರೆಯಿರಿ. ನಿಮ್ಮ ಮಾಮೂಲಿ ಲೆಕ್ಕ 60 ಇದ್ದು ಒಂದು ದಿನ 70 ಬಂದರೆ, ದೇಹ ನಿನ್ನೆಯ ದಣಿವನ್ನು ಇನ್ನೂ ತೀರಿಸಿಲ್ಲ ಅಥವಾ ಜ್ವರ ಬರುವುದರಲ್ಲಿದೆ. ಆವತ್ತು ಜೋರು ಓಟ ಬೇಡ.

ಆಮೇಲೆ ಐದು ವಾರ ಸ್ಟಾಪ್‌ವಾಚ್ ಇಟ್ಟು 1.6 ಕಿ.ಮೀ. ಓಡುವ ಹಾಗಿಲ್ಲ. ಬಹಳ ಜನ ಮೊದಲು ತಪ್ಪುವುದೇ ಇಲ್ಲಿ, ಪಕ್ಕದವನು ಓಡಿದ ಎಂದು ತಾನೂ ಓಡಿಬಿಡುತ್ತಾನೆ.

## ಹಂತ 3: ವಾರ 1ರಿಂದ 5, ನಿಧಾನದ ಓಟ

ಐದೂವರೆ ನಿಮಿಷದ ಓಟದಲ್ಲಿ ಖರ್ಚಾಗುವ ಶಕ್ತಿಯ ಬಹುಪಾಲು ಬರುವುದು ಆಮ್ಲಜನಕ ಬಳಸಿ. ಅದನ್ನು ಸ್ನಾಯುಗಳಿಗೆ ಮುಟ್ಟಿಸುವ ಹೃದಯ, ಸಣ್ಣ ರಕ್ತನಾಳಗಳು ಬೆಳೆಯುವುದು ನಿಧಾನದ ಓಟದಲ್ಲಿ. ಎಲುಬು ಮತ್ತು ಸ್ನಾಯುರಜ್ಜು ಗಟ್ಟಿಯಾಗಲು ಸ್ನಾಯುವಿಗಿಂತ ಹೆಚ್ಚು ಕಾಲ ಬೇಕು. ಉಸಿರು ಪಳಗಿದಷ್ಟು ಬೇಗ ಎಲುಬು ಪಳಗುವುದಿಲ್ಲ, ಮೂರನೇ ವಾರದಲ್ಲಿ ಹುರುಪು ಹೆಚ್ಚಾಗಿ ಆರನೇ ವಾರದಲ್ಲಿ ಕುಂಟುವುದಕ್ಕೆ ಕಾರಣ ಇದು.

ವಾರಕ್ಕೆ ನಾಲ್ಕು ದಿನ ಓಡಿ. ಸೋಮವಾರ 20 ನಿಮಿಷ, ಬುಧವಾರ 25, ಶುಕ್ರವಾರ 20, ಭಾನುವಾರ 35. ವೇಗ ಎಷ್ಟಿರಬೇಕೆಂದರೆ, ಪಕ್ಕದವನ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಒಂದೊಂದೇ ಪದ ಹೊರಡುತ್ತಿದ್ದರೆ ಜೋರಾಯಿತು. ಸುಮಾರಾಗಿ ಒಂದು ಕಿ.ಮೀ.ಗೆ ಆರರಿಂದ ಆರೂವರೆ ನಿಮಿಷ. 'ಇದೇನು ಎಮ್ಮೆ ನಡಿಗೆ' ಎಂದು ಗ್ರೌಂಡಿನಲ್ಲಿ ನಗುವವರಿರುತ್ತಾರೆ. ನಗಲಿ ಬಿಡಿ.

ಒಟ್ಟು ಸಮಯವನ್ನು ವಾರಕ್ಕೆ ಶೇ. 10ಕ್ಕಿಂತ ಹೆಚ್ಚಿಸಬೇಡಿ. ನಾಲ್ಕನೇ ವಾರದಲ್ಲಿ ಮೂರನೇ ಒಂದು ಭಾಗ ಕಡಿಮೆ ಮಾಡಿ, ಐದನೇ ವಾರ ಮತ್ತೆ ಮುಂದುವರಿಸಿ. ಮೂರನೇ ವಾರದಿಂದ ಶುಕ್ರವಾರದ ಓಟದ ಕೊನೆಗೆ 80 ಮೀಟರಿನ ನಾಲ್ಕು ಚುರುಕು ಓಟ ಸೇರಿಸಿ. ಜೀವ ಬಿಡುವ ಸ್ಪ್ರಿಂಟ್ ಅಲ್ಲ, ಹಗುರವಾಗಿ ಕಾಲು ಬಿಡಿಸಿ ಓಡುವುದು.

ಮಂಗಳವಾರ, ಶನಿವಾರ ಕಾಲಿನ ವ್ಯಾಯಾಮ: ಬೈಠಕ್, ಮುಂದೆ ಹೆಜ್ಜೆಯಿಟ್ಟು ಬಾಗುವುದು, ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿ ಎತ್ತುವುದು, ಗೋಡೆಗೆ ಬೆನ್ನೊರಗಿಸಿ ಮುಂಗಾಲು ಎತ್ತುವುದು, ಪ್ಲ್ಯಾಂಕ್. ಎಲ್ಲವೂ 15ರಂತೆ ಮೂರು ಸಲ, ಪ್ಲ್ಯಾಂಕ್ ಮಾತ್ರ 40 ಸೆಕೆಂಡಿನಂತೆ ಮೂರು ಸಲ. ಹಿಮ್ಮಡಿ ಮತ್ತು ಮುಂಗಾಲಿನ ವ್ಯಾಯಾಮ ಬಿಡುವವರೇ ಎಲುಬು ನೋವಿನವರ ಸಾಲಿನಲ್ಲಿ ಮುಂದಿರುತ್ತಾರೆ.

ಹಗಲೆಲ್ಲ ಗಾರೆ ಕೆಲಸವೋ ಹೊಲದ ಕೆಲಸವೋ ಮಾಡುವವರು ಈ ಕಾಲಿನ ವ್ಯಾಯಾಮವನ್ನು ವಾರಕ್ಕೆ ಒಂದೇ ದಿನಕ್ಕೆ ಇಳಿಸಿ. ಸಿಮೆಂಟ್ ಮೂಟೆ ಹೊತ್ತದ್ದು ಕೂಡ ದೇಹದ ಲೆಕ್ಕಕ್ಕೆ ಸೇರುತ್ತದೆ.

## ಹಂತ 4: ವಾರ 6ರಿಂದ 11, ತುಂಡು ಮಾಡಿ ವೇಗ

5:30ಕ್ಕೆ ಓಡುವುದೆಂದರೆ 400 ಮೀಟರಿಗೆ 82.5 ಸೆಕೆಂಡು, 200 ಮೀಟರಿಗೆ ಸುಮಾರು 41. ಈ ಸಂಖ್ಯೆಗಳು ತಲೆಯಲ್ಲಿದ್ದರೆ ಸಾಲದು, ಕಾಲಿಗೂ ಗೊತ್ತಾಗಬೇಕು.

ವಾರಕ್ಕೆ ಎರಡು ವೇಗದ ದಿನ, ನಡುವೆ ಕನಿಷ್ಠ 48 ಗಂಟೆ. ಮಂಗಳವಾರ 200 ಮೀಟರ್ ಎಂಟು ಸಲ, ಒಂದೊಂದೂ 40 ಸೆಕೆಂಡಿನಲ್ಲಿ, ನಡುವೆ ಒಂದೂವರೆ ನಿಮಿಷ ನಡಿಗೆ. ಶುಕ್ರವಾರ 400 ಮೀಟರ್ ಐದು ಸಲ, 82ರಿಂದ 84 ಸೆಕೆಂಡು, ನಡುವೆ ಎರಡೂವರೆ ನಿಮಿಷ. ಒಂಬತ್ತನೇ ವಾರದಿಂದ ಶುಕ್ರವಾರದ ಕೆಲಸ 800 ಮೀಟರ್ ಮೂರು ಸಲ, 2 ನಿಮಿಷ 50 ಸೆಕೆಂಡಿನಂತೆ, ನಡುವೆ ನಾಲ್ಕು ನಿಮಿಷ. ಉಳಿದ ಎರಡು ದಿನ ಹಂತ 3ರ ನಿಧಾನ ಓಟ ಹಾಗೇ ಇರಲಿ. ಕಾಲಿನ ವ್ಯಾಯಾಮವನ್ನು ವೇಗದ ದಿನವೇ ಸಂಜೆಗೆ ಸರಿಸಿದರೆ ಉಳಿದ ದಿನ ಕಾಲಿಗೆ ನಿಜವಾದ ಬಿಡುವು ಸಿಗುತ್ತದೆ.

ನಿಮ್ಮ ಆರಂಭಿಕ ಸಮಯ 6:15 ಇದ್ದರೆ 82 ಸೆಕೆಂಡಿಗೆ ಕೈ ಹಾಕಬೇಡಿ. ನಿಮ್ಮ ಈಗಿನ ಸರಾಸರಿ ಸುತ್ತು ಸುಮಾರು 94 ಸೆಕೆಂಡು. 92ರಿಂದ ಶುರುಮಾಡಿ, ಎರಡು ವಾರಕ್ಕೊಮ್ಮೆ ಎರಡು ಸೆಕೆಂಡು ಇಳಿಸಿ. ಇಂಥವರಿಗೆ 16 ವಾರ ಸಾಲದಿರಬಹುದು, ಈ ಹಂತವನ್ನು ಇನ್ನೂ ಆರು ವಾರ ಎಳೆಯಿರಿ.

ತಪ್ಪು ಗುರುತಿಸುವುದು ಸುಲಭ. ಮೊದಲ 400 ಮೀಟರ್ 74 ಸೆಕೆಂಡಿನಲ್ಲಿ ಹಾರಿ ಐದನೆಯದು 95ಕ್ಕೆ ಬಂದರೆ ಆ ದಿನದ ಅಭ್ಯಾಸ ಕೆಟ್ಟಿತು. ಐದೂ ಸುತ್ತು ಎರಡು ಸೆಕೆಂಡಿನ ಅಂತರದೊಳಗೆ ಇರಬೇಕು. ಕೊನೆಯದನ್ನು ಮುಗಿಸಿದಾಗ 'ಇನ್ನೊಂದು ಹೇಗಾದರೂ ಆದೀತು' ಅನಿಸಬೇಕು. ವಾಂತಿಯಾದರೆ ಒಳ್ಳೆಯ ಅಭ್ಯಾಸ ಎಂಬ ಮಾತು ಗ್ರೌಂಡುಗಳಲ್ಲಿ ಹಬ್ಬಿದೆ. ನನಗದು ಸಮ್ಮತವಿಲ್ಲ.

ಮೂರು ವಾರಕ್ಕೊಮ್ಮೆ, ಭಾನುವಾರ, ಪೂರ್ತಿ 1.6 ಕಿ.ಮೀ. ಸಮಯ ನೋಡಿ. ಅದಕ್ಕಿಂತ ಹೆಚ್ಚಿಗೆ ಬೇಡ.

## ಹಂತ 5: ವಾರ 12ರಿಂದ 16, ಸುತ್ತಿನ ಲೆಕ್ಕ

ಈಗ ಮೂರನೇ ಸುತ್ತಿನ ರೋಗಕ್ಕೆ ಮದ್ದು. ಸಾಮಾನ್ಯ ಹುಡುಗನ ಓಟ ಹೀಗಿರುತ್ತದೆ: ಮೊದಲ ಸುತ್ತು 70 ಸೆಕೆಂಡು, ಎರಡನೆಯದು 84, ಮೂರನೆಯದು 95, ನಾಲ್ಕನೆಯದು 90. ಒಟ್ಟು 5:39. ಅದೇ ಹುಡುಗ 81, 82, 83, 80 ಓಡಿದರೆ 5:26. ಮೊದಲ ಸುತ್ತಿನಲ್ಲಿ ಗಳಿಸಿದ ಹತ್ತು ಸೆಕೆಂಡಿಗೆ ಮೂರನೆಯದರಲ್ಲಿ ಬಡ್ಡಿ ಸಮೇತ ತೆರಬೇಕಾಗುತ್ತದೆ, ಏಕೆಂದರೆ ಆರಂಭದಲ್ಲೇ ದೇಹ ಆಮ್ಲಜನಕದ ಸಾಲಕ್ಕೆ ಬಿದ್ದಿರುತ್ತದೆ.

ಅಭ್ಯಾಸ: ಮಂಗಳವಾರ 1,200 ಮೀಟರ್ ಒಂದು ಸಲ, 4 ನಿಮಿಷ 5 ಸೆಕೆಂಡಿನಲ್ಲಿ. ಐದು ನಿಮಿಷ ಬಿಟ್ಟು 400 ಮೀಟರ್ 78 ಸೆಕೆಂಡಿನಲ್ಲಿ. ಶುಕ್ರವಾರ 400 ಮೀಟರ್ ಆರು ಸಲ, ನಡುವೆ ಒಂದೂವರೆ ನಿಮಿಷ ಮಾತ್ರ. ಗಡಿಯಾರ ನೋಡದೆ ಸುತ್ತು ಓಡಿ, ಆಮೇಲೆ ಎಷ್ಟಾಗಿರಬಹುದೆಂದು ಊಹಿಸಿ. ಎರಡು ಸೆಕೆಂಡಿನೊಳಗೆ ಊಹೆ ಸರಿಬಂದರೆ ವೇಗ ಕಾಲಿಗೆ ಇಳಿದಿದೆ.

ಗುಂಪಿನಲ್ಲಿ ಓಡುವುದನ್ನೂ ಕಲಿಯಿರಿ. ತಿರುವಿನಲ್ಲಿ ಹೊರಗಿನಿಂದ ಹಿಂದಿಕ್ಕಲು ಹೋದರೆ ದೂರ ಹೆಚ್ಚುತ್ತದೆ. ಒಂದು ಲೇನ್ ಹೊರಗೆ ಪೂರ್ತಿ ಸುತ್ತು ಓಡಿದರೆ 7 ಮೀಟರಿಗಿಂತ ಹೆಚ್ಚು ನಷ್ಟ. ಹಿಂದಿಕ್ಕುವುದೆಲ್ಲ ನೇರ ಭಾಗದಲ್ಲಿ.

ರ್ಯಾಲಿಗೆ ಹತ್ತು ದಿನವಿರುವಾಗ ಕೊನೆಯ ಜೋರು ಅಭ್ಯಾಸ. ಆಮೇಲೆ ಓಟದ ಪ್ರಮಾಣ ಅರ್ಧ, ವೇಗ ಅಷ್ಟೇ. ಕೊನೆಯ ವಾರದಲ್ಲಿ ಹೆದರಿ ಹೆಚ್ಚು ಓಡಿದವರು ಸೋತ ಕಾಲು ಹೊತ್ತು ರ್ಯಾಲಿಗೆ ಹೋಗುತ್ತಾರೆ.

## ಹಂತ 6: ಬೀಮ್, ಮೊದಲ ವಾರದಿಂದಲೇ

ಓಟದ ಹಂತಗಳ ಜೊತೆಜೊತೆಗೆ ನಡೆಯಬೇಕಾದದ್ದು ಇದು. 'ಮೊದಲು ರನ್ನಿಂಗ್ ಆಗಲಿ, ಬೀಮ್ ಆಮೇಲೆ ನೋಡೋಣ' ಎಂದವರು ಆರು, ಏಳಕ್ಕೆ ನಿಂತುಬಿಡುತ್ತಾರೆ.

ಒಂದೂ ಆಗದವರು: ಬೀಮಿಗೆ ಸುಮ್ಮನೆ ಜೋತು 30 ಸೆಕೆಂಡು, ಮೂರು ಸಲ. ನಂತರ ಕೈ ಮಡಿಸದೆ ಭುಜದ ಹಲಗೆಗಳನ್ನು ಮಾತ್ರ ಕೆಳಗೆಳೆಯುವುದು, ಎಂಟು ಸಲ. ಕೊನೆಗೆ ಕಲ್ಲೋ ಬೆಂಚೋ ಹತ್ತಿ ಗದ್ದ ಮೇಲಿಟ್ಟುಕೊಂಡು, ಐದು ಸೆಕೆಂಡು ಎಣಿಸುತ್ತಾ ನಿಧಾನ ಇಳಿಯುವುದು, ಐದು ಸಲ. ಒಂದು ದಿನ ಬಿಟ್ಟು ಒಂದು ದಿನ. ಈ ಇಳಿಯುವ ಅಭ್ಯಾಸವೇ ಮೊದಲ ಪುಲ್‌ಅಪ್ ತಂದುಕೊಡುವುದು, ಗೆಳೆಯರು ಕಾಲು ಹಿಡಿದು ಮೇಲೆತ್ತುವುದಲ್ಲ.

ಎರಡರಿಂದ ಆರು ಆಗುವವರು: ಅರ್ಧದ ನಿಯಮ. ಗರಿಷ್ಠ ಆರು ಆಗುತ್ತಿದ್ದರೆ ಒಂದು ಸಲಕ್ಕೆ ಮೂರೇ ಎಳೆಯಿರಿ, ಆದರೆ ದಿನಕ್ಕೆ ಐದಾರು ಸಲ, ಗಂಟೆಗಳ ಅಂತರದಲ್ಲಿ, ವಾರಕ್ಕೆ ಐದು ದಿನ. ಕೈ ಸೋಲುವ ಮೊದಲೇ ಇಳಿಯುವುದು ಇದರ ಗುಟ್ಟು. ಮನೆಯ ಹಿಂದೆ ಪೈಪು ಇದ್ದವರಿಗೆ ಇದರಷ್ಟು ಲಾಭದ ವಿಧಾನ ಇನ್ನೊಂದಿಲ್ಲ.

ಏಳರಿಂದ ಒಂಬತ್ತು ಆಗುವವರು: ಮೆಟ್ಟಿಲು ಲೆಕ್ಕ. ಒಂದು, ಸ್ವಲ್ಪ ಬಿಡುವು, ಎರಡು, ಬಿಡುವು, ಹೀಗೆ ಐದರವರೆಗೆ. ಐದು ನಿಮಿಷ ಬಿಟ್ಟು ಮತ್ತೊಮ್ಮೆ. ವಾರಕ್ಕೆ ಮೂರು ದಿನ. ಗರಿಷ್ಠ ಪರೀಕ್ಷೆ ಎರಡು ವಾರಕ್ಕೊಮ್ಮೆ.

ಗುರಿ ಹತ್ತಲ್ಲ, ಹದಿಮೂರು. ರ್ಯಾಲಿಯಲ್ಲಿ ಬೀಮ್ ಬರುವುದು ಓಟದ ನಂತರ, ಬಿಸಿಲಿನಲ್ಲಿ ಸಾಲು ನಿಂತ ಮೇಲೆ. ತಾಜಾ ಕೈಯ ಹತ್ತು ಅಲ್ಲಿ ಎಂಟಾಗುತ್ತದೆ. ಹನ್ನೊಂದನೇ ವಾರದಿಂದ ಶನಿವಾರ 800 ಮೀಟರ್ ಚುರುಕಾಗಿ ಓಡಿ, ಹತ್ತು ನಿಮಿಷ ಬಿಟ್ಟು ಬೀಮಿಗೆ ಹೋಗಿ.

ಎಣಿಕೆಗೆ ಬಾರದ ಎಳೆತಗಳು ಯಾವುವೆಂದರೆ: ಕೈ ಪೂರ್ತಿ ಬಿಡಿಸದೆ ಅರ್ಧದಿಂದ ಎಳೆದದ್ದು, ಗದ್ದ ಬೀಮಿನ ಮಟ್ಟದಲ್ಲೇ ನಿಂತದ್ದು, ಕಾಲು ಬೀಸಿ ಹಾರಿದ್ದು. ಅಂಗೈ ಮುಂದಕ್ಕೆ ಮಾಡಿಯೇ ಅಭ್ಯಾಸ ಮಾಡಿ. ಜಿಮ್ಮಿನ ಸಣ್ಣ ರಾಡಿಗೆ ಒಗ್ಗಿದ ಬೆರಳು ದಪ್ಪ ಬೀಮಿನಲ್ಲಿ ಜಾರುತ್ತದೆ, ವಾರಕ್ಕೊಮ್ಮೆ ಪೈಪಿಗೆ ಗೋಣಿ ಸುತ್ತಿ ಎಳೆಯಿರಿ. ಮೊಣಕೈ ಒಳಬದಿಯಲ್ಲಿ ಚುಚ್ಚುವ ನೋವು ಬಂದರೆ ಒಂದು ವಾರ ಬರಿ ಜೋತಾಡುವುದಷ್ಟೇ.

## ಹಂತ 7: ಹಳ್ಳ ಮತ್ತು ಜಿಗ್‌ಜಾಗ್

9 ಅಡಿ ಎಂದರೆ 2.74 ಮೀಟರ್. ಓಡಿ ಬಂದು ಹಾರುವವರಿಗೆ ಕಷ್ಟವಲ್ಲ. ಬೀಳುವವರು ಅಂಚು ನೋಡಿ ಕೊನೇ ಎರಡು ಹೆಜ್ಜೆ ಕತ್ತರಿಸಿದವರು. ಮಣ್ಣಿನಲ್ಲಿ 10 ಅಡಿಗೆ ಗೆರೆ ಎಳೆದು, ಹನ್ನೆರಡು ಹೆಜ್ಜೆಯ ಓಟದಿಂದ ವಾರಕ್ಕೊಮ್ಮೆ ಆರು ಸಲ ಹಾರಿ. ಮಂಡಿ ಬಗ್ಗಿಸಿ ಇಳಿಯಿರಿ. ಜಿಗ್‌ಜಾಗ್ ತೊಲೆಯ ಮೇಲೆ ಕಣ್ಣು ಪಾದದ ಮೇಲಲ್ಲ, ಮೂರು ಹೆಜ್ಜೆ ಮುಂದೆ ಇರಲಿ. ಹೊಲದ ಬದುವಿನ ಮೇಲೆ ನಡೆದು ಬೆಳೆದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

## ಹಂತ 8: ಊಟ, ಡಬ್ಬಿಯಿಲ್ಲದೆ

ಪ್ರೋಟೀನ್ ಪೌಡರಿಗೆ ತಿಂಗಳಿಗೆ ಎರಡು ಸಾವಿರ ಸುರಿದು, ಬೆಳಗ್ಗೆ ಚಹಾ ಬಿಸ್ಕತ್ತಿನಲ್ಲಿ ಓಡುವವರನ್ನು ಕಂಡರೆ ಬೇಸರವಾಗುತ್ತದೆ. 60 ಕೆ.ಜಿ. ತೂಕದವನಿಗೆ ಈ ತಯಾರಿಯ ಕಾಲದಲ್ಲಿ ದಿನಕ್ಕೆ ಸುಮಾರು 90 ಗ್ರಾಂ ಪ್ರೋಟೀನ್ ಸಾಕು. ಲೆಕ್ಕ ಹಾಕಿ: ಎರಡು ಮೊಟ್ಟೆ 12 ಗ್ರಾಂ, ಅರ್ಧ ಲೀಟರ್ ಹಾಲು 16, 50 ಗ್ರಾಂ ಶೇಂಗಾ 12, ಬೇಳೆಕಾಳು ಒಣತೂಕದಲ್ಲಿ 100 ಗ್ರಾಂ 22, ದಿನವಿಡೀ ತಿನ್ನುವ ಜೋಳ, ರಾಗಿ, ಅಕ್ಕಿಯಿಂದ ಕನಿಷ್ಠ 30. ತೊಂಬತ್ತು ದಾಟಿತು. ಮೊಟ್ಟೆ ತಿನ್ನದವರು ಅಷ್ಟು ಕಾಳು, ಮೊಸರು ಹೆಚ್ಚಿಸಿ. ಕರಾವಳಿಯವರಿಗೆ ಬೂತಾಯಿ ಮೀನು ಇದ್ದೇ ಇದೆ.

ಓಟಕ್ಕೆ ಮುಕ್ಕಾಲು ಗಂಟೆ ಮೊದಲು ಒಂದು ಬಾಳೆಹಣ್ಣು. ಮುಗಿಸಿ ಒಂದು ಗಂಟೆಯೊಳಗೆ ಗಟ್ಟಿ ತಿಂಡಿ: ರೊಟ್ಟಿ, ಮಡಿಕೆಕಾಳು ಪಲ್ಯ, ಮೊಸರು, ಇಲ್ಲವೇ ಮುದ್ದೆ, ಬಸ್ಸಾರು, ಮೊಟ್ಟೆ. ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಎಲುಬಿಗೆ ಹೊಡೆತ ಬೀಳುವ ಈ ತಿಂಗಳುಗಳಲ್ಲಿ ಅಂಬಲಿಯನ್ನು ಬಡವರ ಊಟವೆಂದು ಬಿಡಬೇಡಿ. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ, ಊಟದ ಹಿಂದೆಮುಂದೆ ಒಂದು ಗಂಟೆ ಚಹಾ ಬೇಡ. ಚಹಾ ಕಬ್ಬಿಣಾಂಶವನ್ನು ಹೀರಿಕೊಳ್ಳಲು ಬಿಡುವುದಿಲ್ಲ.

ಹುಡುಗಿಯರಿಗೆ ಒಂದು ಮುಖ್ಯ ಮಾತು. ತಯಾರಿ ಶುರುವಾದ ಮೇಲೆ ಮೂರು ತಿಂಗಳು ಮುಟ್ಟು ನಿಂತರೆ ಅದು ಫಿಟ್‌ನೆಸ್ಸಿನ ಲಕ್ಷಣವಲ್ಲ. ತಿನ್ನುವುದು ಓಟಕ್ಕೆ ಸಾಲುತ್ತಿಲ್ಲ ಎಂಬ ಎಚ್ಚರಿಕೆ, ಮುಂದಿನದು ಎಲುಬಿನ ಬಿರುಕು. ವೈದ್ಯರನ್ನು ಕಾಣಿ.

ಗುಟ್ಕಾ, ಸಿಗರೇಟ್ ಬಿಡುವುದನ್ನು 'ಸೆಲೆಕ್ಷನ್ ಆದ ಮೇಲೆ' ಎಂದು ಮುಂದೂಡಬೇಡಿ. ಗುಟ್ಕಾದಿಂದ ಬಾಯಿ ಪೂರ್ತಿ ತೆರೆಯಲಾಗದ ಸ್ಥಿತಿ ಇಪ್ಪತ್ತರ ವಯಸ್ಸಿನಲ್ಲೇ ಬರಬಹುದು.

## ಹಂತ 9: ನೀರು, ಬಿಸಿಲು, ನಿದ್ದೆ

ರಾಯಚೂರು, ಕಲಬುರಗಿ, ಬಳ್ಳಾರಿಯ ಏಪ್ರಿಲ್‌ನಲ್ಲಿ ಬೆಳಗ್ಗೆ ಏಳರ ನಂತರ ಜೋರು ಓಟ ಬೇಡ. ಮೂತ್ರ ತಿಳಿಹಳದಿ ಇದ್ದರೆ ನೀರು ಸಾಕಾಗಿದೆ ಎಂದರ್ಥ. ಬೆವರು ಸುರಿದ ದಿನ ಬರಿ ನೀರಿನ ಬದಲು ಉಪ್ಪು ಹಾಕಿದ ಮಜ್ಜಿಗೆ ಅಥವಾ ಓಆರ್‌ಎಸ್.

ಓಡುತ್ತಿದ್ದವನು ತಡಬಡಿಸಿದರೆ, ಅಸಂಬದ್ಧ ಮಾತಾಡಿದರೆ, ಕುಸಿದರೆ ಅದು ಬಿಸಿಲಿನ ಆಘಾತವಿರಬಹುದು. ಬಾಯಿಗೆ ನೀರು ಸುರಿಯಬೇಡಿ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ತಣ್ಣೀರು ಸುರಿಯುತ್ತಾ ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ತಂಪು ಮಾಡುವುದನ್ನು ನಿಲ್ಲಿಸಬೇಡಿ.

ನಿದ್ದೆ ಏಳರಿಂದ ಎಂಟು ಗಂಟೆ. ನಾಲ್ಕೂವರೆಗೆ ಏಳುವವನು ಹನ್ನೊಂದರವರೆಗೆ ರೀಲ್ಸ್ ನೋಡಿದರೆ ಬೆಳಗಿನ ಅಭ್ಯಾಸದ ಅರ್ಧ ಹಾಳು. ಒಂದೋ ಒಂಬತ್ತಕ್ಕೆ ಮಲಗಿ, ಇಲ್ಲ ಸಂಜೆ ಓಡಿ.

## ಹಂತ 10: ನಿಲ್ಲಿಸಬೇಕಾದ ಲಕ್ಷಣಗಳು

ಮೊಣಕಾಲ ಕೆಳಗೆ ಎಲುಬಿನುದ್ದಕ್ಕೂ ಹರಡಿದ, ಮೈ ಬಿಸಿಯಾದ ಮೇಲೆ ಕಡಿಮೆಯಾಗುವ ನೋವು ಬಂದರೆ ಓಟ ಅರ್ಧ ಮಾಡಿ, ಡಾಂಬರು ಬಿಡಿ. ಅದೇ ನೋವು ಒಂದು ಬೆರಳ ತುದಿಯಷ್ಟು ಜಾಗದಲ್ಲಿ ನಿಂತರೆ, ಒಂಟಿ ಕಾಲಲ್ಲಿ ಕುಪ್ಪಳಿಸಿದಾಗ ಚುಚ್ಚಿದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಎಲುಬಿನಲ್ಲಿ ಕೂದಲೆಳೆಯ ಬಿರುಕಿರಬಹುದು. ಓಟ ಪೂರ್ತಿ ನಿಲ್ಲಿಸಿ ಎಲುಬಿನ ವೈದ್ಯರ ಬಳಿ ಹೋಗಿ. ಮೊದಲ ಎಕ್ಸ್‌ರೇಯಲ್ಲಿ ಇದು ಕಾಣದೆಯೂ ಇರಬಹುದು, 'ಎಕ್ಸ್‌ರೇ ನಾರ್ಮಲ್' ಎಂದು ಮತ್ತೆ ಓಡಬೇಡಿ.

ನೂರಾರು ಬೈಠಕ್ ಅಥವಾ ದಂಡ ಹೊಡೆದ ಮರುದಿನ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿ ಸ್ನಾಯು ಊದಿಕೊಂಡರೆ ಕಾಯಬೇಡಿ. ಸ್ನಾಯು ಒಡೆದು ಅದರ ಅಂಶ ಮೂತ್ರಪಿಂಡಕ್ಕೆ ಸೇರುತ್ತಿದೆ, ಅಂದೇ ಆಸ್ಪತ್ರೆಗೆ ಹೋಗಬೇಕು. ಓಡುವಾಗ ಎದೆ ಹಿಂಡಿದಂತಾದರೆ, ಕಣ್ಣು ಕತ್ತಲಿಟ್ಟು ಬಿದ್ದರೆ ಇಸಿಜಿ ಆಗುವವರೆಗೆ ಗ್ರೌಂಡಿನ ಮುಖ ನೋಡಬೇಡಿ. ಜ್ವರವಿದ್ದಾಗಲೂ ಅಷ್ಟೇ.

ನೋವಿನ ಮಾತ್ರೆ ನುಂಗಿ ಓಡುವುದು ಅತ್ಯಂತ ಕೆಟ್ಟ ಅಭ್ಯಾಸ. ಖಾಲಿ ಹೊಟ್ಟೆ, ಬೆವರಿ ಒಣಗಿದ ಮೈ, ಮೇಲೆ ಡೈಕ್ಲೋಫೆನಾಕ್: ಮೂತ್ರಪಿಂಡಕ್ಕೆ ಇದಕ್ಕಿಂತ ಹೊರೆ ಬೇಕಿಲ್ಲ. ಸ್ಟೆರಾಯ್ಡ್, 'ದಮ್ಮಿನ ಇಂಜೆಕ್ಷನ್' ಎಂದು ಯಾರಾದರೂ ಕೊಡಲು ಬಂದರೆ ಅವನ ಗ್ರೌಂಡನ್ನೇ ಬಿಡಿ. ಸಿಕ್ಕಿಬಿದ್ದರೆ ಅನರ್ಹರಾಗುತ್ತೀರಿ, ಸಿಕ್ಕಿಬೀಳದಿದ್ದರೆ ಕಾಯಿಲೆಯಂತೂ ನಿಮ್ಮದೇ.

## ಹಂತ 11: ರ್ಯಾಲಿಯ ದಿನ

ಹಿಂದಿನ ದಿನವೇ ಊರು ಸೇರಿ. ಬಸ್ ನಿಲ್ದಾಣದಲ್ಲಿ ರಾತ್ರಿ ಕಳೆದು ಓಡಿದವರಿಗೆ ನಾಲ್ಕು ತಿಂಗಳ ಶ್ರಮ ಒಂದೇ ರಾತ್ರಿಯಲ್ಲಿ ಸೋರಿಹೋಗುತ್ತದೆ. ವರದಿ ಮಾಡುವ ಸಮಯ ಬಹಳ ಸಲ ನಸುಕಿಗೂ ಮೊದಲು, ಸಾಲು ಉದ್ದ. ಬಾಳೆಹಣ್ಣು, ಚಿಕ್ಕಿ, ಓಆರ್‌ಎಸ್ ಜೇಬಿನಲ್ಲಿರಲಿ. ಹೊಸ ಶೂ, ಹೊಸ ತಿನಿಸು, ಎನರ್ಜಿ ಡ್ರಿಂಕ್ ಯಾವುದನ್ನೂ ಆವತ್ತು ಮೊದಲ ಸಲ ಪ್ರಯೋಗಿಸಬೇಡಿ.

ನಿಮ್ಮ ಗುಂಪಿನ ಸರದಿಗೆ ಕಾಲು ಗಂಟೆ ಮೊದಲು ನಿಂತಲ್ಲೇ ಜಾಗಿಂಗ್, ಕಾಲು ಬೀಸುವುದು, ಎರಡು ಸಣ್ಣ ಚುರುಕು ಓಟ. ಸೀಟಿ ಊದಿದೊಡನೆ ಗುಂಪು ಹುಚ್ಚೆದ್ದು ನುಗ್ಗುತ್ತದೆ, ಮೊದಲ 50 ಮೀಟರಿನಲ್ಲಿ ಬೀಳದೆ ನಿಲ್ಲುವುದಷ್ಟೇ ಕೆಲಸ. ಆಮೇಲೆ ನಿಮ್ಮ 81 ಸೆಕೆಂಡಿನ ಸುತ್ತಿಗೆ ಬನ್ನಿ. ಎರಡನೇ ಸುತ್ತಿನಲ್ಲಿ ಎಷ್ಟೋ ಬೆನ್ನುಗಳು ಮುಂದೆ ಕಾಣುತ್ತವೆ, ಮೂರನೆಯದರಲ್ಲಿ ಅವು ತಾವಾಗಿ ಹಿಂದೆ ಬರುತ್ತವೆ. ಮುಗಿದ ಕೂಡಲೇ ಕೂರಬೇಡಿ, ಐದು ನಿಮಿಷ ನಡೆಯಿರಿ, ಗುಟುಕು ಗುಟುಕಾಗಿ ನೀರು ಕುಡಿಯಿರಿ, ಬೀಮಿಗೆ ಮೊದಲು ಅಂಗೈ ಒರೆಸಿ ಒಣಗಿಸಿ.

## ಹಂತ 12: ಆಯ್ಕೆಯಾದ ಮೇಲೆ, ತರಬೇತಿ ಸೆಂಟರಿಗೆ ಹೋಗುವ ಮುನ್ನ

ಫಲಿತಾಂಶ ಬಂದು ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರಿಗೋ ಬೆಂಗಳೂರಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೆಂಟರಿಗೋ ಕರೆ ಬರುವವರೆಗಿನ ದಿನಗಳಲ್ಲಿ ಎಲ್ಲರೂ ಸನ್ಮಾನ, ಊಟ ಎಂದು ಓಟ ಬಿಡುತ್ತಾರೆ. ಅಲ್ಲಿ ಮೊದಲ ದಿನದಿಂದ ಪಿಟಿ, ಡ್ರಿಲ್ ಬೂಟಿನ ಹೊಡೆತ, ಮುಂದೆ ಹೆಗಲಿಗೆ ಸಾಮಾನು, ಕೈಯಲ್ಲಿ ರೈಫಲ್ ಹಿಡಿದು 5 ಕಿ.ಮೀ. ಓಟ. ಬಿಡುವಿನಲ್ಲಿ ಮೆತ್ತಗಾದ ಎಲುಬು ಆ ಹೊರೆಗೆ ಬಿರುಕು ಬಿಡುತ್ತದೆ.

ವಾರಕ್ಕೆ ಮೂರು ದಿನ 30 ನಿಮಿಷ ಓಟ, ಒಂದು ದಿನ ಒಂದೂವರೆ ಗಂಟೆ ಚುರುಕು ನಡಿಗೆ. ನಡಿಗೆಗೆ ಬೆನ್ನಚೀಲದಲ್ಲಿ 5 ಕೆ.ಜಿ.ಯಿಂದ ಶುರುಮಾಡಿ, ಎರಡು ವಾರಕ್ಕೊಮ್ಮೆ 2 ಕೆ.ಜಿ. ಏರಿಸಿ. ಭಾರ ಹೊತ್ತು ಓಡುವುದು ಈಗ ಬೇಡ, ಅದನ್ನು ಸೆಂಟರಿನ ಉಸ್ತಾದರು ಕಲಿಸುತ್ತಾರೆ.

ಉಗುರು ನೇರವಾಗಿ ಕತ್ತರಿಸಿ, ಮೂಲೆ ಕೊರೆಯಬೇಡಿ, ಬೂಟಿನೊತ್ತಡಕ್ಕೆ ಅದು ಮಾಂಸದೊಳಗೆ ಬೆಳೆಯುತ್ತದೆ. ಸಾಕ್ಸ್ ದಿನಕ್ಕೆ ಎರಡು ಜೊತೆ. ಬೊಬ್ಬೆ ಎದ್ದರೆ ಮೇಲಿನ ಚರ್ಮ ಕಿತ್ತುಹಾಕಬೇಡಿ, ಅಂಚಿನಲ್ಲಿ ಶುದ್ಧ ಸೂಜಿಯಿಂದ ನೀರು ತೆಗೆದು ಪಟ್ಟಿ ಹಾಕಿ. ಬೆರಳ ಸಂದಿಗಳನ್ನು ಸ್ನಾನದ ನಂತರ ಒರೆಸಿ ಒಣಗಿಸಿ. ಇನ್ನು, ಅಲ್ಲಿ ಕಾಲು ನೋಯತೊಡಗಿದರೆ ಮೂರನೇ ದಿನಕ್ಕೇ ಎಂಐ ರೂಮಿಗೆ (ಸೆಂಟರಿನ ವೈದ್ಯಕೀಯ ತಪಾಸಣಾ ಕೊಠಡಿ) ಹೋಗಿ ಹೇಳಿ. ಹಿಂದಿನ ಬ್ಯಾಚಿಗೆ ಇಳಿಸುತ್ತಾರೆಂಬ ಹೆದರಿಕೆಯಿಂದ ನೋವು ಮುಚ್ಚಿಟ್ಟವರೇ ಪ್ಲಾಸ್ಟರ್ ಹಾಕಿಸಿಕೊಂಡು ತಿಂಗಳುಗಟ್ಟಲೆ ಹಿಂದೆ ಬೀಳುವುದು.